ಬಟ್ಟೆ ಮುಂದೆ ಹೋಗುತ್ತಿಲ್ಲವೇ? ಟೆನ್ಶನ್ ಮುಟ್ಟುವ ಮೊದಲು ಹಲ್ಲು ನೋಡಿ

ಹೊಲಿಗೆ ಮೆಷಿನ್ ತೊಂದರೆ ಕೊಟ್ಟಾಗ ನಮ್ಮ ಕೈ ಮೊದಲು ಹೋಗುವುದು ಟೆನ್ಶನ್ ಸ್ಕ್ರೂ ಕಡೆಗೆ, ಅಂದರೆ ದಾರದ ಬಿಗಿತ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಕಡೆಗೆ. ಹೊಲಿಗೆ ಸುಕ್ಕುಗಟ್ಟಿದರೂ ಟೆನ್ಶನ್, ಅಡಿಯಲ್ಲಿ ದಾರ ಸಿಕ್ಕಾದರೂ ಟೆನ್ಶನ್, ಒಂದು ಹೊಲಿಗೆ ಉದ್ದ ಒಂದು ಗಿಡ್ಡ ಬಂದರೂ ಟೆನ್ಶನ್. ಹೀಗೆ ತಿರುಗಿಸುತ್ತಾ ಹೋದರೆ ಸರಿ ಇದ್ದದ್ದೂ ಕೆಡುತ್ತದೆ. ಇವುಗಳಲ್ಲಿ ಎಷ್ಟೋ ತೊಂದರೆಗಳಿಗೆ ದಾರ ಕಾರಣವೇ ಅಲ್ಲ. ಬಟ್ಟೆ ಸರಿಯಾಗಿ ನಡೆಯುತ್ತಿಲ್ಲ, ಅಷ್ಟೇ. ಬಟ್ಟೆ ನಡೆಸುವುದು ಸೂಜಿಯ ಕೆಳಗಿನ ಪ್ಲೇಟಿನ ಸೀಳುಗಳಿಂದ ಮೇಲೇಳುವ ಹಲ್ಲು.

ಒಂದು ಸಲ ಮದುವೆ ಕಾಲದಲ್ಲಿ ನನ್ನ ಕಾಲುಮೆಷಿನ್ ಹೀಗೇ ನಿಂತಿತು. ರೇಷ್ಮೆ ಬ್ಲೌಸಿಗೆ ತೋಳು ಜೋಡಿಸುತ್ತಿದ್ದೆ. ಸೂಜಿ ಮೇಲೆ ಕೆಳಗೆ ಹೋಗುತ್ತಿದೆ, ಬಟ್ಟೆ ಮಾತ್ರ ಇದ್ದಲ್ಲೇ ಇದೆ. ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಟೆನ್ಶನ್ ಸ್ಪ್ರಿಂಗ್ ಬದಲಿಸಿದರು, ಮೇಲಿನ ದಾರವನ್ನು ಅಡಿಯ ದಾರಕ್ಕೆ ಹೆಣೆಯುವ ಶಟಲ್ ಬದಲಿಸಿದರು, ದುಡ್ಡು ತೆಗೆದುಕೊಂಡರು. ಮನೆಗೆ ತಂದು ಕೂತರೆ ಮತ್ತೆ ಅದೇ ಕಥೆ. ಕೊನೆಗೆ ಪಕ್ಕದ ಬೀದಿಯ ವಯಸ್ಸಾದ ಟೈಲರ್ ಒಬ್ಬರು ಬಂದರು. ಸೂಜಿಯ ಕೆಳಗಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿದರು. ಹಲ್ಲಿನ ಸಾಲುಗಳ ನಡುವಿನಿಂದ ನೂಲಿನ ಧೂಳನ್ನು ಸೂಜಿಯಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದರು. ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ‘ಬಟ್ಟೆ ನಡೆಸೋದು ಹಲ್ಲು ಕಣಮ್ಮಾ, ಅದಕ್ಕೆ ಏಳೋಕೆ ಇಳಿಯೋಕೆ ಜಾಗ ಬೇಕು’ ಎಂದರು. ಅವತ್ತಿನಿಂದ ಯಾವ ಮೆಷಿನ್ ಮುಂದೆ ಕೂತರೂ ನಾನು ಮೊದಲು ಹಲ್ಲು ನೋಡುತ್ತೇನೆ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಮನೆಗಳಲ್ಲಿರುವ ಕಪ್ಪು ಬಣ್ಣದ ನೇರ ಹೊಲಿಗೆಯ ಮೆಷಿನ್ ಬಗ್ಗೆ. ಕಾಲಿನದಾಗಲಿ, ಮೋಟರ್ ಹಾಕಿದ್ದಾಗಲಿ, ಒಂದೇ. ಹೊಸ ಜಿಗ್‌ಜಾಗ್ ಮೆಷಿನ್‌ಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಬಟ್ಟೆ ನಡೆಯುವುದು ಹೇಗೆ

ಫುಟ್ (ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಪಾದ) ಎತ್ತಿ, ದಾರ ತೆಗೆದು, ಕೈಚಕ್ರವನ್ನು ನಿಮ್ಮ ಕಡೆಗೆ ಬಹಳ ನಿಧಾನವಾಗಿ ತಿರುಗಿಸಿ. ಕಣ್ಣು ಸೂಜಿಯ ಮೇಲೆ ಬೇಡ, ಪ್ಲೇಟಿನ ಸೀಳುಗಳ ಮೇಲೆ ಇರಲಿ. ಗರಗಸದಂಥ ಹಲ್ಲಿನ ಸಾಲು ಸೀಳಿನಿಂದ ಮೇಲೆ ಏಳುತ್ತದೆ. ನಿಮ್ಮಿಂದ ಆಚೆಗೆ ಸರಿಯುತ್ತದೆ. ಪ್ಲೇಟಿನ ಕೆಳಗೆ ಇಳಿಯುತ್ತದೆ. ಕೆಳಗಿಂದಲೇ ನಿಮ್ಮ ಕಡೆಗೆ ವಾಪಸು ಬರುತ್ತದೆ. ಒಂದು ಹೊಲಿಗೆಗೆ ಈ ನಾಲ್ಕು ಚಲನೆ ಒಂದು ಸುತ್ತು. ಹಲ್ಲು ಮೇಲಿದ್ದು ಆಚೆಗೆ ಸರಿಯುವಾಗ ಮಾತ್ರ ಬಟ್ಟೆ ನಡೆಯುತ್ತದೆ. ಉಳಿದ ಹೊತ್ತು ಬಟ್ಟೆ ನಿಂತಿರುತ್ತದೆ, ಸೂಜಿ ತನ್ನ ಕೆಲಸ ಮಾಡುತ್ತದೆ.

ಇದು ಸಣ್ಣ ವಿಷಯವಲ್ಲ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮೆಷಿನ್‌ನಲ್ಲಿ ಬಟ್ಟೆಯನ್ನು ಒಂದು ಪಟ್ಟಿಯ ಮುಳ್ಳುಗಳಿಗೆ ಸಿಕ್ಕಿಸಬೇಕಿತ್ತು. ಪಟ್ಟಿ ಮುಗಿದ ಕೂಡಲೇ ಹೊಲಿಗೆ ನಿಲ್ಲುತ್ತಿತ್ತು. ಬಟ್ಟೆ ಬಿಡಿಸಿ, ಪಟ್ಟಿ ಹಿಂದಕ್ಕೆ ತಂದು, ಮತ್ತೆ ಸಿಕ್ಕಿಸಬೇಕಿತ್ತು. ಮೇಲೆ ಹೇಳಿದ ನಾಲ್ಕು ಚಲನೆಯ ಹಲ್ಲಿಗೆ ಆಲನ್ ವಿಲ್ಸನ್ ಎಂಬಾತ 1854ರಲ್ಲಿ ಪೇಟೆಂಟ್ ಪಡೆದ. ಹೊಲಿಗೆ ಎಷ್ಟುದ್ದ ಬೇಕಾದರೂ ಹೋಗಲಿ, ಎತ್ತ ಬೇಕಾದರೂ ತಿರುಗಲಿ, ಬಟ್ಟೆ ಬಿಚ್ಚಿ ಸಿಕ್ಕಿಸುವ ಗೋಳಿಲ್ಲ. ಇಂದಿಗೂ ನಮ್ಮ ಮನೆಯ ಮೆಷಿನ್ ಅದೇ ಚಲನೆಯಲ್ಲಿ ಬಟ್ಟೆ ನಡೆಸುತ್ತಿದೆ. ನನಗಂತೂ ಸೂಜಿಗಿಂತ ಈ ಹಲ್ಲಿನ ಮೇಲೇ ಹೆಚ್ಚು ಅಭಿಮಾನ.

ಹಲ್ಲು ಒಂದೇ ಬಟ್ಟೆ ನಡೆಸಲಾರದು. ಮೇಲಿಂದ ಫುಟ್ ಒತ್ತಿ ಹಿಡಿದಾಗಲೇ ಹಲ್ಲಿಗೆ ಬಟ್ಟೆ ಸಿಕ್ಕುವುದು. ಇನ್ನು ಎಷ್ಟು ದೂರ ಸರಿಸಬೇಕು ಎಂದು ಹೇಳುವುದು ಹೊಲಿಗೆ ಉದ್ದದ ಲಿವರ್. ಅಂದರೆ ನೋಡಬೇಕಾದ್ದು ಮೂರು: ಹಲ್ಲು, ಫುಟ್, ಲಿವರ್. ಬಟ್ಟೆಯ ನಡಿಗೆಯ ತೊಂದರೆಗಳು ಹೆಚ್ಚಾಗಿ ಈ ಮೂರರಲ್ಲೇ ಸಿಗುತ್ತವೆ, ಅಥವಾ ನಮ್ಮ ಕೈಯಲ್ಲಿ.

ಮೊದಲು ಕಾಗದದ ಪರೀಕ್ಷೆ

ರಿಪೇರಿಗೆ ಕೈ ಹಾಕುವ ಮೊದಲು ಇದನ್ನು ಮಾಡಿ. ಹತ್ತು ನಿಮಿಷವೂ ಬೇಡ. ಗೆರೆ ಇರುವ ನೋಟ್‌ಬುಕ್ಕಿನ ಹಾಳೆ ತೆಗೆದುಕೊಳ್ಳಿ. ಮೇಲಿನ ದಾರ, ಅಡಿಯ ದಾರ ಸುತ್ತಿದ ಬಾಬಿನ್ ಎರಡನ್ನೂ ತೆಗೆಯಿರಿ. ಹಳೆಯ ಸೂಜಿ ಹಾಕಿ, ಏಕೆಂದರೆ ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ. ಒಂದು ಗೆರೆಯ ಮೇಲೆ ಸೂಜಿ ಇಳಿಸಿ, ಫುಟ್ಟನ್ನೂ ಕೆಳಗಿಳಿಸಿ, ಕಾಗದವನ್ನು ಮುಟ್ಟದೆ ಓಡಿಸಿ. ಒಂದು ಸಾಲು ನಿಧಾನವಾಗಿ, ಇನ್ನೊಂದು ಸಾಲು ಜೋರಾಗಿ.

ಈಗ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಸಮ ಅಂತರದಲ್ಲಿ ಗೆರೆಯ ಮೇಲೇ ಹೋಗಿದ್ದರೆ ಹಲ್ಲು, ಫುಟ್, ಲಿವರ್ ಮೂರೂ ಹೆಚ್ಚುಕಡಿಮೆ ಸರಿ ಇವೆ. ಆಗ ದಾರ, ಸೂಜಿ, ಟೆನ್ಶನ್ ಕಡೆ ಹೋಗಬಹುದು. ತೂತುಗಳೆಲ್ಲ ಒಂದೇ ಕಡೆ ಬಿದ್ದಿದ್ದರೆ ಬಟ್ಟೆ ನಡೆಯುತ್ತಲೇ ಇಲ್ಲ. ನಿಧಾನಕ್ಕೆ ಸಮ ಇದ್ದು ಜೋರಿಗೆ ಹೆಚ್ಚುಕಡಿಮೆ ಆಗಿದ್ದರೆ ಫುಟ್ ಕುಣಿಯುತ್ತಿದೆ, ಒತ್ತಡ ಸಾಲದು. ನಿಧಾನಕ್ಕೂ ಹೆಚ್ಚುಕಡಿಮೆ ಇದ್ದರೆ ಎಲ್ಲೋ ಸ್ಕ್ರೂ ಸಡಿಲ, ಅಥವಾ ಹಲ್ಲಿನಲ್ಲಿ ಧೂಳು. ಸಾಲು ಗೆರೆ ಬಿಟ್ಟು ಒಂದು ಪಕ್ಕಕ್ಕೆ ಬಾಗಿದ್ದರೆ ಫುಟ್ ಅಥವಾ ಹಲ್ಲು ವಾಲಿದೆ. ತೂತು ದುಂಡಗಿರದೆ ಸೀಳಿದಂತೆ ಉದ್ದವಾಗಿದ್ದರೆ ಸೂಜಿ ಒಳಗಿರುವಾಗಲೇ ಕಾಗದ ಸರಿದಿದೆ. ಅದು ಟೈಮಿಂಗ್, ಅಂದರೆ ಸೂಜಿ ಮತ್ತು ಹಲ್ಲಿನ ಹೊತ್ತಿನ ಹೊಂದಾಣಿಕೆಯ ತೊಂದರೆ.

ಕಾಗದವನ್ನು ತಿರುಗಿಸಿ ಅಡಿಭಾಗವನ್ನೂ ನೋಡಿ. ಇದನ್ನು ಬಹಳ ಜನ ನೋಡುವುದಿಲ್ಲ. ಹಲ್ಲಿನ ಗುರುತು ಅಲ್ಲಿ ಬಿದ್ದಿರುತ್ತದೆ. ಎರಡೂ ಸಾಲು ಒಂದೇ ಆಳಕ್ಕೆ ಒತ್ತಿರಬೇಕು. ಒಂದು ಸಾಲು ಅಚ್ಚೊತ್ತಿದಂತೆ ಕಂಡು ಇನ್ನೊಂದು ಕಾಣದೇ ಇದ್ದರೆ ತೊಂದರೆ ಎಲ್ಲಿದೆ ಎಂದು ಆಗಲೇ ಅರ್ಧ ಗೊತ್ತಾಯಿತು, ಅಲ್ವಾ?

ಬಟ್ಟೆ ನಿಂತಲ್ಲೇ ನಿಂತಿದೆ

ಸುಲಭದ್ದನ್ನು ಮೊದಲು ನೋಡಿ. ಫುಟ್ ಕೆಳಗಿದೆಯೇ? ದಪ್ಪ ಬಟ್ಟೆ ಇದ್ದಾಗ ಫುಟ್ ಇಳಿಸಿದೆವೋ ಇಲ್ಲವೋ ಗೊತ್ತಾಗುವುದಿಲ್ಲ. ಫುಟ್ ಮೇಲಿದ್ದರೆ ಟೆನ್ಶನ್ ಕೂಡ ಬಿಟ್ಟುಕೊಂಡಿರುತ್ತದೆ, ಹಾಗಾಗಿ ಅಡಿಯಲ್ಲಿ ದಾರದ ದೊಡ್ಡ ಸಿಕ್ಕು ಬರುತ್ತದೆ. ನೋಡಿದವರು ಟೆನ್ಶನ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಲಿವರ್ ಸೊನ್ನೆಯ ಹತ್ತಿರ ಇದೆಯೇ? ಕಪ್ಪು ಮೆಷಿನ್‌ಗಳಲ್ಲಿ ಲಿವರ್ ಪೂರ್ತಿ ಮೇಲಕ್ಕೆ ಎತ್ತಿದರೆ ಬಟ್ಟೆ ಹಿಮ್ಮುಖವಾಗಿ ನಡೆಯುತ್ತದೆ, ನಡುವೆ ಇದ್ದರೆ ನಡೆಯುವುದೇ ಇಲ್ಲ. ಲಿವರ್ ನಿಲ್ಲಿಸುವ ಸ್ಕ್ರೂ ಸಡಿಲವಾಗಿದ್ದರೆ ಮೆಷಿನ್ ಅದುರಿದಂತೆಲ್ಲ ಅದು ತಾನೇ ನಡುವಿಗೆ ಜಾರುತ್ತದೆ. ಮೊದಲ ಹೊಲಿಗೆಗಳು ಚೆನ್ನಾಗಿ ಬಂದು, ಬರಬರುತ್ತಾ ಚಿಕ್ಕದಾಗಿ, ಕೊನೆಗೆ ನಿಂತುಹೋದರೆ ಇದೇ ಕಾರಣ ಇರಬಹುದು.

ಕಸೂತಿ ಹಾಕುವಾಗ ಹಲ್ಲನ್ನು ಇಳಿಸುವ ಅನುಕೂಲ ಕೆಲವು ಮೆಷಿನ್‌ಗಳಲ್ಲಿ ಇರುತ್ತದೆ. ಕೆಲವಕ್ಕೆ ಮೆಷಿನ್ ಹಾಸಿನ (ಬಟ್ಟೆ ಇಟ್ಟು ಹೊಲಿಯುವ ಚಪ್ಪಟೆ ಭಾಗ) ಮೇಲೆ ಒಂದು ಗುಂಡಿ, ಕೆಲವಕ್ಕೆ ಹಾಸಿನ ಅಡಿಯಲ್ಲಿ ಕೈಯಲ್ಲೇ ತಿರುಗಿಸುವ ಸ್ಕ್ರೂ. ಮನೆಯಲ್ಲಿ ಯಾರೋ ಕಸೂತಿ ಮಾಡಿ ವಾಪಸು ಎತ್ತದೇ ಬಿಟ್ಟಿದ್ದರೆ ಹಲ್ಲು ಪ್ಲೇಟಿನ ಮೇಲೆ ಬರುವುದೇ ಇಲ್ಲ. ಫುಟ್ ಒತ್ತಡದ್ದೂ ಹಾಗೆಯೇ. ಮೆಷಿನ್ ತಲೆಯ ಎಡಗಡೆ ಮೇಲೆ ಒತ್ತಡದ ಸ್ಕ್ರೂ ಇರುತ್ತದೆ. ಕೆಲವು ಮಾದರಿಗಳಲ್ಲಿ ಅಲ್ಲಿ ಒಂದು ಗುಬಟು, ಅದರ ಸುತ್ತ ಉಂಗುರ. ಉಂಗುರ ಒತ್ತಿದರೆ ಒತ್ತಡ ಪೂರ್ತಿ ಬಿಟ್ಟುಕೊಳ್ಳುತ್ತದೆ. ಮಕ್ಕಳ ಕೈ ತಾಗಿದರೂ ಸಾಕು. ನಡುವಿನ ಗುಬಟು ಒತ್ತಿದರೆ ಸರಿಯಾಗುತ್ತದೆ.

ಇದೆಲ್ಲ ಸರಿ ಇದ್ದೂ ಬಟ್ಟೆ ನಡೆಯದಿದ್ದರೆ ಪ್ಲೇಟ್ ಬಿಚ್ಚಿ. ಮೋಟರ್ ಇದ್ದರೆ ಮೊದಲು ಪ್ಲಗ್ ತೆಗೆಯಿರಿ, ಕಾಲುಮೆಷಿನ್ ಆದರೆ ಕಾಲು ಪೆಡಲಿನಿಂದ ಆಚೆ ಇಡಿ. ಸೂಜಿ ಮತ್ತು ಫುಟ್ ತೆಗೆದರೆ ಕೈಗೆ ಜಾಗ ಸಿಗುತ್ತದೆ. ಹಲ್ಲಿನ ಸಾಲುಗಳ ನಡುವೆ ಕೂತ ಧೂಳು ಮೇಲಿಂದ ನೋಡಿದರೆ ಕಾಣುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಅದು ಅದುಮಿ ಗಟ್ಟಿಯಾಗಿರುತ್ತದೆ. ಹಲ್ಲು ಇಳಿಯುವಾಗ ಇನ್ನಷ್ಟು ಒತ್ತುತ್ತದೆ, ಪ್ಲೇಟ್ ಅದನ್ನು ಮೇಲಿಂದ ತಡೆಯುತ್ತದೆ. ಹೀಗಾಗಿ ಹಲ್ಲಿಗೆ ಪೂರ್ತಿ ಏಳಲು ಜಾಗವೇ ಉಳಿಯುವುದಿಲ್ಲ. ಸೂಜಿಯ ಮೊನೆಯಿಂದ ಅದನ್ನು ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಿ. ಬಾಯಲ್ಲಿ ಊದಬೇಡಿ, ಧೂಳು ಒಳಗೆ ಹೋಗಿ ಎಣ್ಣೆಗೆ ಅಂಟಿಕೊಳ್ಳುತ್ತದೆ. ಫಾಲ್, ಟವೆಲ್, ಫ್ಲಾನೆಲ್ ಹೊಲಿಯುವವರಿಗೆ ಇದು ತಿಂಗಳಿಗೊಮ್ಮೆಯಾದರೂ ಮಾಡಬೇಕಾದ ಕೆಲಸ.

ಎಣ್ಣೆ ಬಗ್ಗೆ ಒಂದು ಮಾತು. ಮೆಷಿನ್ ಎಣ್ಣೆ ಮುಗಿದಿದೆ ಎಂದು ಕೊಬ್ಬರಿ ಎಣ್ಣೆ ಹಾಕುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಹಾಕಬೇಡಿ. ಅದು ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಹಲ್ಲನ್ನು ಆಡಿಸುವ ಉದ್ದ ಸರಳುಗಳು ಮೆಷಿನ್ ಹಾಸಿನ ಅಡಿಯಲ್ಲಿವೆ. ಅವುಗಳ ಕೀಲು ಅಂಟಿದರೆ ಹಲ್ಲು ಸೋಮಾರಿಯಾಗುತ್ತದೆ. ಹಾಗಾಗಿದ್ದರೆ ಕೀಲುಗಳಿಗೆ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಕರಗಿದ ಕೊಳೆ ಒರೆಸಿ, ಆಮೇಲೆ ಮೆಷಿನ್ ಎಣ್ಣೆ ಹಾಕಿ. ಒಲೆ, ದೀಪ ಹತ್ತಿರ ಇರಬಾರದು.

ಹಲ್ಲು ಸವೆದಿದೆಯೋ, ತಗ್ಗಾಗಿದೆಯೋ?

ಬೆರಳ ತುದಿಯನ್ನು ಹಲ್ಲಿನ ಮೇಲೆ ಮೆಲ್ಲಗೆ ಆಡಿಸಿ. ಒಳ್ಳೆಯ ಹಲ್ಲು ಚರ್ಮಕ್ಕೆ ಹಿಡಿಯುತ್ತದೆ. ಸವೆದ ಹಲ್ಲು ನುಣುಪಾಗಿ ಹೊಳೆಯುತ್ತದೆ. ಬಟ್ಟೆ ಇಲ್ಲದೆ ಫುಟ್ ಇಳಿಸಿ ಸುಮ್ನೆ ಮೆಷಿನ್ ಓಡಿಸುವ ಅಭ್ಯಾಸವೇ ಹಲ್ಲು ಬೇಗ ಸವೆಯಲು ಕಾರಣ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಫುಟ್ಟಿನ ಅಡಿಗೂ ಗೀರು ಬೀಳುತ್ತದೆ. ಕಲಿಯುವವರು ಕಾಲು ಕೂರಿಸಿಕೊಳ್ಳಲು ಓಡಿಸುವಾಗ ಫುಟ್ ಎತ್ತಿಡಬೇಕು. ಸವೆದ ಹಲ್ಲನ್ನು ಅರ ಹಾಕಿ ಚೂಪು ಮಾಡುವುದಕ್ಕಿಂತ ಹೊಸದು ಹಾಕಿಸುವುದು ಒಳ್ಳೆಯದು. ಅರ ಹಾಕಿದರೆ ಎತ್ತರ ಕಡಿಮೆಯಾಗುತ್ತದೆ.

ಎತ್ತರ ನೋಡಲು ನಾನು ಮಾಡುವುದು ಹೀಗೆ. ಚಕ್ರ ತಿರುಗಿಸಿ ಹಲ್ಲನ್ನು ಪೂರ್ತಿ ಮೇಲೆ ತನ್ನಿ. ಹಳೆಯ ಎಟಿಎಂ ಕಾರ್ಡನ್ನು ಹಲ್ಲಿನ ಪಕ್ಕದಲ್ಲಿ ಪ್ಲೇಟಿನ ಮೇಲೆ ಮಲಗಿಸಿ. ಕಾರ್ಡಿನ ದಪ್ಪ 0.76 ಮಿಲಿಮೀಟರ್. ಸಾಮಾನ್ಯ ಬಟ್ಟೆಗೆ ಹಲ್ಲು ಕಾರ್ಡಿಗಿಂತ ಒಂದು ಚೂರು ಮೇಲಿರಬೇಕು, ಅಂದರೆ ಸುಮಾರು 1 ಮಿಲಿಮೀಟರ್. ಬರೀ ತೆಳು ರೇಷ್ಮೆ, ಜಾರ್ಜೆಟ್ ಹೊಲಿಯುವವರಿಗೆ ಕಾರ್ಡಿನ ಮಟ್ಟ ಸಾಕು. ಕಾರ್ಡಿಗಿಂತ ಬಹಳ ತಗ್ಗಿದ್ದರೆ ಹಿಡಿತ ಸಾಲದು, ಬಹಳ ಎತ್ತರವಿದ್ದರೆ ತೆಳು ಬಟ್ಟೆಗೆ ಹಲ್ಲಿನ ಕಲೆ ಬೀಳುತ್ತದೆ. ಮುಂದಿನ ತುದಿ, ಹಿಂದಿನ ತುದಿ ಎರಡನ್ನೂ ನೋಡಿ. ಹಾಸಿನ ಅಡಿಯಲ್ಲಿ ಹಲ್ಲನ್ನು ಎತ್ತುವ ತೋಳಿನ ಸ್ಕ್ರೂ ಜಾರಿದ್ದರೆ ಎತ್ತರ ಒಮ್ಮೆಲೇ ಕಡಿಮೆಯಾಗುತ್ತದೆ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇದ್ದರೆ ನೀವೇ ಬಿಗಿ ಮಾಡಬಹುದು. ಬಿಗಿ ಮಾಡಿದ ಮೇಲೆ ಚಕ್ರವನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಹಲ್ಲು ಪ್ಲೇಟಿಗೆ ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಮೇಲಿನ ಬಟ್ಟೆ ಉಳಿದುಹೋಗುತ್ತದೆ

ಎರಡು ತುಂಡು ಸಮ ಉದ್ದಕ್ಕೆ ಕತ್ತರಿಸಿ ಹೊಲಿದಿರುತ್ತೀರಿ. ಕೊನೆಗೆ ಬಂದಾಗ ಮೇಲಿನದು ಅರ್ಧ ಇಂಚು ಜಾಸ್ತಿ. ಕತ್ತರಿಸಿದ್ದೇ ತಪ್ಪು ಎಂದು ಮೇಲಿನದನ್ನು ಕತ್ತರಿಸಿ ಹಾಕುತ್ತೇವೆ. ಎಷ್ಟು ಬ್ಲೌಸುಗಳ ಪಕ್ಕದ ಹೊಲಿಗೆ ಹೀಗೆ ತಿರುಚಿಕೊಂಡಿಲ್ಲ! ಕತ್ತರಿಸಿದ್ದು ತಪ್ಪಲ್ಲ. ಹಲ್ಲು ಇರುವುದು ಕೆಳಗೆ ಮಾತ್ರ, ಅದು ಕೆಳಗಿನ ಬಟ್ಟೆಯನ್ನು ನೇರವಾಗಿ ಹಿಡಿದು ಒಯ್ಯುತ್ತದೆ. ಮೇಲಿನ ಬಟ್ಟೆ ಕೆಳಗಿನದರ ಜೊತೆ ಅಂಟಿಕೊಂಡು ಹೋಗಬೇಕು, ಆದರೆ ಫುಟ್ ಅದನ್ನು ಉಜ್ಜಿ ತಡೆಯುತ್ತದೆ. ಪ್ರತಿ ಹೊಲಿಗೆಗೂ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಸಾಲು ಉದ್ದವಾದಷ್ಟೂ ಅದು ಕೂಡುತ್ತಾ ಹೋಗುತ್ತದೆ.

ನಿಮ್ಮ ಮೆಷಿನ್‌ನಲ್ಲಿ ಎಷ್ಟು ಹಿಂದೆ ಬೀಳುತ್ತದೆ ಎಂದು ಅಳೆದು ಇಟ್ಟುಕೊಳ್ಳಿ. ಒಂದೇ ಬಟ್ಟೆಯಿಂದ 50 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಪಿನ್ ಹಾಕದೆ, ಎಳೆಯದೆ ಹೊಲಿಯಿರಿ. ಕೊನೆಯಲ್ಲಿ ಎಷ್ಟು ವ್ಯತ್ಯಾಸ ಬಂತು ನೋಡಿ. ಫುಟ್ ಒತ್ತಡದ ಸ್ಕ್ರೂ ಒಂದು ಸುತ್ತು ಸಡಿಲಿಸಿ ಇನ್ನೊಂದು ಜೊತೆ ಹೊಲಿಯಿರಿ. ವ್ಯತ್ಯಾಸ ಕಡಿಮೆಯಾದರೆ ಒತ್ತಡ ಜಾಸ್ತಿ ಇತ್ತು ಎಂದು ಅರ್ಥ. ಫುಟ್ ಕುಣಿಯಲು ಶುರುವಾಗುವ ಮೊದಲು ನಿಲ್ಲಿಸಿ.

ಒಂದು ತುಂಡು ಉದ್ದ ಇದ್ದು ಅದನ್ನು ಹೊಂದಿಸಿ ಹೊಲಿಯಬೇಕಿದ್ದರೆ ಉದ್ದದ್ದನ್ನು ಕೆಳಗೆ ಇಡಿ, ಹಲ್ಲು ಅದನ್ನು ಒಳಗೆ ತುಂಬಿಕೊಡುತ್ತದೆ. ಸೀರೆಗೆ ಫಾಲ್ ಹಾಕುವಾಗ ಬಟ್ಟೆಯ ಭಾರವನ್ನೂ ನೋಡಬೇಕು. ಇಳಕಲ್ ಸೀರೆಯಾಗಲಿ ಮೈಸೂರು ರೇಷ್ಮೆಯಾಗಲಿ, ಐದೂವರೆ ಮೀಟರ್ ಬಟ್ಟೆ ಮೇಜಿನಿಂದ ಕೆಳಗೆ ನೇತಾಡುತ್ತಿದ್ದರೆ ಅದರ ಭಾರವೇ ಹೊಲಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಹೊಲಿಗೆ ಗಿಡ್ಡವಾಗುತ್ತದೆ, ಅಂಚು ನೆರಿಗೆಯಾಗುತ್ತದೆ. ಎಡಗಡೆ ಒಂದು ಸ್ಟೂಲ್, ಹಿಂದೆ ಒಂದು ಕುರ್ಚಿ ಇಟ್ಟು ಸೀರೆಯ ಭಾರ ಅದರ ಮೇಲೆ ಬರಲಿ. ಹತ್ತಿಯ ಫಾಲನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಮೆಷಿನ್ ಎಷ್ಟೇ ಸರಿ ಇದ್ದರೂ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆ ಸುಕ್ಕಾಗುತ್ತದೆ.

ರೆಕ್ಸಿನ್, ಫೋಮ್ ಹಾಕಿದ ಬಟ್ಟೆ ಫುಟ್ಟಿಗೆ ಅಂಟಿಕೊಳ್ಳುತ್ತವೆ. ಅವಕ್ಕೆ ಟೆಫ್ಲಾನ್ ಫುಟ್ ಅಥವಾ ರೋಲರ್ ಫುಟ್ ಬೇಕು. ಎರಡೂ ಸಿಗದಿದ್ದರೆ ಮೇಲೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಜಾರ್ಜೆಟ್ ಪ್ಲೇಟಿನಲ್ಲಿ ಸೂಜಿ ಇಳಿಯುವ ತೂತಿನೊಳಗೆ ಹೋಗುತ್ತಿದ್ದರೆ ಕಾಗದ ಕೆಳಗೆ ಇರಲಿ. ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಳ್ಳಿ. ಓವರ್‌ಲಾಕ್ ಮೆಷಿನ್‌ನಲ್ಲಿ ಎರಡು ಬೇರೆ ಬೇರೆ ಹಲ್ಲುಗಳು ಬೇರೆ ಬೇರೆ ದೂರ ಸರಿಯುತ್ತವೆ, ಟೀಶರ್ಟ್ ಬಟ್ಟೆ ಅಲೆಅಲೆಯಾಗದೆ ಬರುವುದು ಅದರಿಂದ.

ಸೂಜಿ ಮುರಿಯುತ್ತಿದೆ

ಬಟ್ಟೆ ನಡೆಯದಿದ್ದಾಗ ನಾವು ಹಿಂದಿನಿಂದ ಕೈಯಲ್ಲಿ ಎಳೆಯುತ್ತೇವೆ. ಸೂಜಿ ಬಟ್ಟೆಯೊಳಗೆ ಇರುವಾಗ ಎಳೆದರೆ ಅದು ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ಮುರಿದ ಚೂರು ಕಣ್ಣಿಗೆ ಹಾರಬಹುದು. ಅದಕ್ಕೇ ಎಳೆಯುವ ಅಭ್ಯಾಸ ಬಿಡಬೇಕು. ಕೈ ಇರುವುದು ದಾರಿ ತೋರಿಸಲು ಮಾತ್ರ.

ಎಳೆಯದೇ ಇದ್ದರೂ ಮುರಿಯುತ್ತಿದ್ದರೆ ಟೈಮಿಂಗ್ ನೋಡಿ. ಫುಟ್ ಎತ್ತಿ, ಒಂದು ತೆಳು ಬಟ್ಟೆಯ ಎತ್ತರಕ್ಕೆ ಕಣ್ಣಿಟ್ಟು, ಚಕ್ರ ನಿಧಾನವಾಗಿ ತಿರುಗಿಸಿ. ಸೂಜಿಯ ಮೊನೆ ಬಟ್ಟೆಗೆ ತಾಗುವ ಹೊತ್ತಿಗೆ ಹಲ್ಲು ಪ್ಲೇಟಿನ ಮಟ್ಟಕ್ಕೆ ಇಳಿದಿರಬೇಕು. ಸೂಜಿ ಒಳಗೆ ಹೋದ ಮೇಲೂ ಹಲ್ಲು ಮೇಲಿದ್ದು ಸರಿಯುತ್ತಿದ್ದರೆ ಹಲ್ಲಿನ ಚಲನೆಯ ಹೊತ್ತನ್ನು ನಿಗದಿಮಾಡುವ ಒಳಗಿನ ಕ್ಯಾಮ್ ತನ್ನ ಜಾಗದಿಂದ ಜಾರಿದೆ. ಇದನ್ನು ಮಾತ್ರ ನೀವೇ ಬಿಚ್ಚಬೇಡಿ. ಒಂದು ಸರಿಮಾಡಲು ಹೋಗಿ ಶಟಲ್ಲಿನ ಲೆಕ್ಕವೂ ತಪ್ಪಿದರೆ ಹೊಲಿಗೆಯೇ ಬೀಳುವುದಿಲ್ಲ.

ಜೀನ್ಸಿನ ಅಂಚು ಮಡಚುವಾಗ ದಪ್ಪ ಜೋಡಣೆ ಬಂದಲ್ಲಿ ಫುಟ್ ಮೂಗೆತ್ತಿ ನಿಲ್ಲುತ್ತದೆ, ಹಲ್ಲಿಗೆ ಬಟ್ಟೆ ಸಿಗುವುದಿಲ್ಲ. ಅಲ್ಲಿ ಮೆಷಿನ್ ನಿಲ್ಲಿಸಿ, ಫುಟ್ಟಿನ ಹಿಂಭಾಗದ ಕೆಳಗೆ ಅದೇ ದಪ್ಪಕ್ಕೆ ಮಡಚಿದ ಬಟ್ಟೆಯ ತುಂಡು ಇಡಿ. ಫುಟ್ ಸಮನಾದ ಕೂಡಲೇ ತಾನೇ ನಡೆಯುತ್ತದೆ. 16 ಅಥವಾ 18 ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಸ್ವಲ್ಪ ಹೆಚ್ಚಿಸಿ.

ಬಟ್ಟೆ ಒಂದು ಕಡೆಗೆ ವಾಲುತ್ತದೆ

ಫುಟ್ ಇಳಿಸಿ ಎದುರಿನಿಂದ ಬಗ್ಗಿ ನೋಡಿ. ಅದರ ಎರಡು ಬೆರಳುಗಳು ಹಲ್ಲಿನ ಎರಡು ಸಾಲಿನ ಮೇಲೆ ಸರಿಯಾಗಿ ಕೂರಬೇಕು. ಫುಟ್ ಹಿಡಿದ ಸ್ಕ್ರೂ ಸಡಿಲವಾಗಿ ಅದು ತಿರುಗಿರುವುದೇ ಹೆಚ್ಚು. ಹಲ್ಲಿನ ಒಂದು ಸಾಲಿನಲ್ಲಿ ಮಾತ್ರ ಧೂಳು ತುಂಬಿದ್ದರೂ ಹೀಗಾಗುತ್ತದೆ. ಬಟ್ಟೆಯ ತುದಿಯಲ್ಲಿ ಹೊಲಿಯುವಾಗ ಒಂದೇ ಸಾಲಿಗೆ ಬಟ್ಟೆ ಸಿಕ್ಕು ವಾಲುವುದು ಸಹಜ, ಅದು ದೋಷವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ರಿಪೇರಿಯವರ ಹತ್ತಿರ ಹೋಗಬೇಕಾದರೆ ಬರಿಗೈಯಲ್ಲಿ ಹೋಗಬೇಡಿ. ಪರೀಕ್ಷೆ ಮಾಡಿದ ಕಾಗದವನ್ನು ಒಯ್ಯಿರಿ. ಲಿವರ್ ಯಾವ ನಂಬರಿನಲ್ಲಿತ್ತು, ಯಾವ ಸಾಲು ನಿಧಾನ, ಯಾವುದು ಜೋರು ಎಂದು ಅದರ ಮೇಲೇ ಬರೆದಿಡಿ. ‘ಹೊಲಿಗೆ ಸರಿ ಬರ್ತಿಲ್ಲ’ ಎಂದರೆ ಅವರೂ ಟೆನ್ಶನ್ನಿನಿಂದಲೇ ಶುರು ಮಾಡುತ್ತಾರೆ. ‘ದಾರ ಇಲ್ಲದೇ ಓಡಿಸಿದ್ದು ಇದು, ಎಡಗಡೆ ಸಾಲಿನ ಹಲ್ಲು ಒತ್ತುತ್ತಿಲ್ಲ, ನೋಡಿ ಅಣ್ಣಾ’ ಎಂದು ಕಾಗದ ಮುಂದಿಟ್ಟರೆ ಅವರು ನೇರ ಪ್ಲೇಟಿನ ಸ್ಕ್ರೂಗೇ ಕೈ ಹಾಕುತ್ತಾರೆ.